ಕಟ್ಟುವವಳ ಹೆಸರು ಕಾಗದದಲ್ಲಿ ಇರಲಿಲ್ಲ

ಡೊಂಬಿವಲಿಯ ನಮ್ಮ ಮನೆಗೆ ಮಗನ ಹೆಸರು ಹಾಕಿಸಿದವಳು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ. ಗಂಡ ಅಷ್ಟೊತ್ತಿಗೆ ತೀರಿಕೊಂಡಿದ್ದ. ಏಜೆಂಟ್ ಪೆನ್ನು ಹಿಡಿದು, ಮನೆ ಯಾರ ಹೆಸರಿಗೆ ಎಂದು ಕೇಳಿದ. ಮಗಳು ನನ್ನ ಪಕ್ಕದಲ್ಲೇ ಕೂತಿದ್ದಳು. ಬ್ಯಾಂಕಿನವರು ಸಾಲ ಕೊಟ್ಟದ್ದೇ ಅವಳ ಪಗಾರದ ಚೀಟಿ ನೋಡಿ. ಆದರೂ ನನ್ನ ಬಾಯಿಂದ ಬಂದದ್ದು ಅವಳ ತಮ್ಮನ ಹೆಸರು. ವಿಜಯಪುರದ ಕಡೆಯ ನಮ್ಮಂಥವರಿಗೆ ಮನೆ ಅಂದರೆ ಗಂಡುಮಗನದು, ಅದರಲ್ಲಿ ಯೋಚಿಸುವುದಕ್ಕೆ ಏನಿದೆ. ಸಾಲದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದರು. ಮನೆಯ ಕಾಗದದಲ್ಲಿ ಅವನೊಬ್ಬನೇ ಉಳಿದ. ಮಗಳನ್ನು ನಾನು ಒಂದು ಮಾತೂ ಕೇಳಲಿಲ್ಲ.

ನಾನು ಓದಿದ್ದು ಮೂರನೇ ಇಯತ್ತೆ. ಇಪ್ಪತ್ತು ವರ್ಷ ಠಾಣೆಯಿಂದ ಕಲ್ಯಾಣದವರೆಗೆ ಕಟ್ಟಡಗಳ ಮೇಲೆ ಇಟ್ಟಿಗೆ ಹೊತ್ತಿದ್ದೇನೆ. ಗೋಡೆ ತಟ್ಟಿದರೆ ಸಿಮೆಂಟ್ ಎಷ್ಟು ಕದ್ದಿದ್ದಾರೆ ಎಂದು ಹೇಳಬಲ್ಲೆ. ಕಾಗದ ಮಾತ್ರ ನನ್ನ ಕೆಲಸವಲ್ಲ ಎಂದುಕೊಂಡಿದ್ದೆ.

ಮಗ ಮದುವೆಯಾಗಿ ಅಂಬರನಾಥಕ್ಕೆ ಹೋದ. ಅಲ್ಲಿ ಕಾರ್ಖಾನೆಯಲ್ಲಿ ಕಂತ್ರಾಟಿನ ಕೆಲಸ, ಬಾಡಿಗೆ ಖೋಲಿ. ಡೊಂಬಿವಲಿಯ ಮನೆಯಲ್ಲಿ ನಾನು ಮತ್ತು ಮಗಳು. ಅವಳು ಠಾಣೆಯಲ್ಲಿ ಗಾಡಿ ಬದಲಿಸಿ ಬೇಲಾಪುರದ ಆಫೀಸಿಗೆ ಹೋಗುತ್ತಾಳೆ. ಸಾಲದ ಕಂತು ಅವಳ ಖಾತೆಯಿಂದ ಹೋಗುತ್ತಿತ್ತು. ಮುನ್ಸಿಪಾಲಿಟಿಯ ಮನೆ ತೆರಿಗೆ, ಇಲ್ಲಿ ಅದಕ್ಕೆ ಘರ್‌ಪಟ್ಟಿ ಅನ್ನುತ್ತಾರೆ, ಅದನ್ನೂ ಅವಳೇ ವರ್ಷವರ್ಷ ಸಾಲಿನಲ್ಲಿ ನಿಂತು ಕಟ್ಟಿ ಬರುತ್ತಿದ್ದಳು. ಪಾವತಿ ರಸೀದಿಯಲ್ಲಿ ಅಚ್ಚಾಗುತ್ತಿದ್ದದ್ದು ತಮ್ಮನ ಹೆಸರು. ಆ ಪಾವತಿಗಳನ್ನು ನಾನು ಮಡಚಿ ಇಡುತ್ತಿದ್ದೆ. ಒಂದು ಸಲವೂ ತಪ್ಪೆನಿಸಿರಲಿಲ್ಲ.

ನಾಲ್ಕಾರು ವರ್ಷದ ಹಿಂದೆ ಅವಳ ಪಗಾರ ಏರಿತು. ಏರಿದ್ದರ ಜೊತೆಗೆ ಇನ್ಕಮ್ ಟ್ಯಾಕ್ಸ್ ಕಡಿತವೂ ಬಂತು. ಮನೆಸಾಲದ ಬಡ್ಡಿ ತೋರಿಸಿದರೆ ಕಡಿತ ಇಳಿಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬ್ಯಾಂಕಿನ ಕಾಗದ ಒಯ್ದು ಆಫೀಸಿನಲ್ಲಿ ಕೊಟ್ಟಳು. ಸಂಜೆ ಅದೇ ಕಾಗದ ವಾಪಸು ತಂದಳು.

"ತಗೋಳಿಲ್ಲ ಬೇ. ಮನಿ ತಮ್ಮಂದು, ನಂದಲ್ಲ ಅಂದ್ರು."

"ಹಪ್ತಾ ಕಟ್ಟೋದು ನೀನಲ್ಲೇನು?"

"ಬರೇ ಕಟ್ಟಿದ್ರ ಆಗಂಗಿಲ್ಲಂತ. ಮಾಲಕೀನೂ ಆಗಿರಬೇಕಂತ."

"ಹಂಗಾರ ಮಾಲಕ ಅದಾನಲ್ಲ, ಅಂವ ತಗೊಳ್ಳಿ."

"ಅಂವಗ ಟ್ಯಾಕ್ಸೇ ಬರಂಗಿಲ್ಲ ಯವ್ವಾ. ಇಲ್ಲದ್ದು ಎಲ್ಲಿಂದ ಕಡಿಮಿ ಮಾಡ್ತಾರ?"

ಅವಳು ಅಳಲಿಲ್ಲ. ಕಾಲು ತೊಳೆದು ಅಕ್ಕಿಗೆ ನೀರಿಟ್ಟಳು. ಕಟ್ಟುವವಳು ಮಾಲಕಿ ಯಾಕಲ್ಲ ಎಂದು ಸರಕಾರ ಅವಳನ್ನು ಕೇಳಿದಂತಾಯಿತು, ಅದು ಸರಿಯಾದ ಪ್ರಶ್ನೆ. ಆ ಪ್ರಶ್ನೆಯನ್ನು ನಾನು ಏಜೆಂಟನ ಮುಂದೆ ಕೇಳಿಕೊಳ್ಳಬೇಕಿತ್ತು. ಕೆಡಿಸಿದವಳು ನಾನು, ಸರಿ ಮಾಡಬೇಕಾದವಳೂ ನಾನೇ ಎಂದು ಅವತ್ತೇ ನಿಶ್ಚಯಿಸಿದೆ. ಅರ್ಧ ಮನೆ ಅವಳ ಹೆಸರಿಗೆ ಆಗಬೇಕು.

ಭಾನುವಾರ ಒಬ್ಬಳೇ ಅಂಬರನಾಥಕ್ಕೆ ಹೋದೆ. ಮಗ ಊಟಕ್ಕೆ ಕೂತಿದ್ದ. ನಾನು ಬಂದ ವಿಷಯ ಸುತ್ತಿ ಬಳಸದೆ ಹೇಳಿದೆ.

"ಅರೇ ಯವ್ವಾ, ಟೆನ್ಷನ್ ಯಾಕ ತಗೋತಿ," ಅಂದ. "ನಾಳೆ ಅಕ್ಕ ಲಗ್ನಾಗಿ ಹೋದ್ರ?"

"ಹೋಗ್ತಾಳ. ನೀನೂ ಲಗ್ನಾಗಿ ಹೋದಿ. ನಿನ್ನ ಹೆಸರು ಹೋತೇನು?"

"ಮಂದಿ ಏನಂತಾರ? ಗಂಡುಮಗ ಇದ್ದು ಅಕ್ಕಗ ಬರಕೊಟ್ಟ ಅಂತಾರ."

"ಮಂದಿ ಒಂದು ಹಪ್ತಾ ಕಟ್ಟಲಿ, ಅವರ ಹೆಸರೂ ಹಾಕಸೋಣ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅಕ್ಕಂದು ಟ್ಯಾಕ್ಸ್ ಎಷ್ಟು ಹೋಗ್ತದೋ ಅದರಾಗ ಅರ್ಧಾ ನಾ ಕೊಡ್ತೀನಿ, ಆತಲ್ಲ?"

"ಮೊದಲ ಇಷ್ಟು ವರ್ಷದ ಘರ್‌ಪಟ್ಟಿ ಅರ್ಧಾ ಕೊಡು. ಆಮ್ಯಾಲ ಅದರ ಮಾತು."

ಒಲೆಯ ಹತ್ತಿರ ರೊಟ್ಟಿ ತಟ್ಟುತ್ತಿದ್ದ ಸೊಸೆ ತಿರುಗಿಯೂ ನೋಡದೆ ಅಂದಳು: "ಸುಮ್ನ ಬರಕೊಡ್ರಿ ಅರ್ಧಾ. ನಿಮ್ಮ ಅಕ್ಕ ಹಪ್ತಾ ಕಟ್ಟೋದು ಬಿಟ್ರ ಬ್ಯಾಂಕಿನವ್ರು ನಮ್ಮ ಬಾಗಲಿಗೆ ಬರ್ತಾರ."

ನನ್ನ ಮೇಲಿನ ಪ್ರೀತಿಗೆ ಅವಳು ಹಾಗೆ ಅಂದದ್ದಲ್ಲ, ಅದು ನನಗೆ ಗೊತ್ತು. ಆದರೆ ಕೆಲಸ ಆದದ್ದು ಆ ಮಾತಿನಿಂದ. ಮಗ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನುವುದನ್ನು ನಿಲ್ಲಿಸಿದ.

ಆಮೇಲೆ ಮಗಳೇ ಅಡ್ಡ ಬಂದಳು. ಬಕ್ಷೀಸುಪತ್ರ, ಅಂದರೆ ದಾನಪತ್ರ, ಮಾಡಿಸಲು ಸ್ಟ್ಯಾಂಪಿನ ಖರ್ಚಿದೆ, ಎರಡು ಮೂರು ವರ್ಷ ಟ್ಯಾಕ್ಸಿನಲ್ಲಿ ಉಳಿಯುವುದೆಲ್ಲ ಅದಕ್ಕೇ ಹೋಗುತ್ತದೆ, ಬಿಡು ಅಂದಳು. ನಾನು ಬಿಡಲಿಲ್ಲ. ನಾನು ಸತ್ತ ಮೇಲಿನ ಖರ್ಚಿಗೆಂದು ಕೂಡಿಟ್ಟದ್ದನ್ನು ತೆಗೆದುಕೊಟ್ಟೆ. ಸತ್ತವಳನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಹೇಗೋ ಸಾಗಿಸುತ್ತಾರೆ. ಸಾಲ ತೀರದ ಮನೆಗೆ ಬ್ಯಾಂಕಿನ ಒಪ್ಪಿಗೆ ಪತ್ರವೂ ಬೇಕಿತ್ತು, ಅದಕ್ಕೆ ಮಗಳು ನಾಲ್ಕು ಸಲ ರಜೆ ಹಾಕಿದಳು.

ಕಲ್ಯಾಣದ ನೋಂದಣಿ ಕಚೇರಿಗೆ ನಾವಿಬ್ಬರೂ ಬೆಳಿಗ್ಗೆಯೇ ಹೋಗಿ ಕೂತೆವು. ಮಗ ಬರಲಿಲ್ಲ. ನಮ್ಮ ಹಿಂದಿನವರನ್ನು ಒಳಗೆ ಕರೆದರು. ಫೋನ್ ಮಾಡಿದರೆ ಎತ್ತಲಿಲ್ಲ. ಮಗಳು, ನಡಿ ಮನೆಗೆ, ಅಂದಳು. ಬಾಗಿಲು ಹಾಕುವ ತನಕ ಏಳುವುದಿಲ್ಲ ಎಂದು ನಾನು ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಮಡಚಿ ಕೂತೆ. ಊಟದ ಹೊತ್ತಿಗೆ ಬಂದ, ಕಾರ್ಖಾನೆಯ ಅಂಗಿಯಲ್ಲೇ. ನಾನು ಚಪ್ಪಲಿ ಮೆಟ್ಟಿ ಎದ್ದೆ.

ಒಳಗಿದ್ದ ಸಾಹೇಬರು ಅವನನ್ನು ಮರಾಠಿಯಲ್ಲಿ ಕೇಳಿದರು, ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೀಯಾ ಎಂದು. ಅವನು ನನ್ನ ಕಡೆ ನೋಡಿದ. ಅಲ್ಲಿ ನಾನು ಬಾಯಿ ಹಾಕಿದರೆ ಅದು ಅವನ ಇಚ್ಛೆ ಆಗುವುದಿಲ್ಲ ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ನಾನು ಫ್ಯಾನ್ ನೋಡುತ್ತ ನಿಂತೆ. "ಹೋ" ಎಂದು ಮರಾಠಿಯಲ್ಲೇ ಹೌದು ಅಂದ. ಬೆರಳು ಒತ್ತಿದ, ಫೋಟೋ ತೆಗೆಸಿಕೊಂಡ, ಚಹಾ ಕೂಡ ಕುಡಿಯದೆ ಸ್ಟೇಷನ್ನಿಗೆ ಹೋದ. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ.

ಘರ್‌ಪಟ್ಟಿಯಲ್ಲಿ ಹೆಸರು ಸೇರಿಸುವುದಕ್ಕೆ ಮತ್ತೆ ಅರ್ಜಿ, ಮತ್ತೆ ಸಾಲು. ಅದೂ ಆಯಿತು. ಆ ವರ್ಷದಿಂದ ಮಗಳಿಗೆ ಅವಳ ಪಾಲಿನ ಲೆಕ್ಕದ ವಿನಾಯಿತಿ ಸಿಕ್ಕಿತು.

ಈಗ ಟ್ಯಾಕ್ಸಿಗೆ ಹೊಸ ಪದ್ಧತಿ ಬಂದಿದೆ. ಮಗಳು ಅದಕ್ಕೆ ಸೇರಿದ್ದಾಳೆ, ಅವಳಿಗೆ ಅದೇ ಲಾಭವಂತೆ. ನಾವೇ ಇರುವ ಮನೆಯ ಸಾಲಕ್ಕೆ ಅದರಲ್ಲಿ ವಿನಾಯಿತಿಯೇ ಇಲ್ಲ. ಮಗನಿಗೆ ಈ ಸುದ್ದಿ ತಿಳಿದದ್ದೇ ತಡ, ಫೋನ್ ಮಾಡಿದ.

"ನೋಡು ಬೇ, ಸ್ಟ್ಯಾಂಪಿಗೆ ಕೊಟ್ಟಿದ್ದೆಲ್ಲಾ ನೀರಾಗ ಹೋತು. ಅಕ್ಕಗ ಈಗ ಆ ಮಾಫಿನೇ ಇಲ್ಲ."

"ಮಾಫಿ ಹೋಗ್ಲಿ. ಅಕಿ ಹೆಸರು ತಗೀಲಿಕ್ಕೆ ಬರ್ತದೇನು?"

"ಹೆಸರು ಹೆಂಗ ತಗೀತಾರ? ಅದು ರಿಜಿಸ್ಟರ್ ಆಗೇದ."

"ಹಂಗಾರ ಫೋನ್ ಇಡು," ಅಂದೆ.