ಕಳೆದುಹೋದ ಕುರಿಯ ಪ್ರಶ್ನೆ

ನಾನು ಮನಶ್ಶಾಸ್ತ್ರಕ್ಕೆ ಬಂದದ್ದು ವರ್ಗಮೂಲದ ದಾರಿಯಿಂದ. ಗಣಿತದಲ್ಲಿ ಎಂ.ಎ. ಮುಗಿಸಿ ಮೈಸೂರಿನಲ್ಲಿ ಕೆಲಸ ಹುಡುಕುತ್ತಿದ್ದೆ. ಕಾಲೇಜಿನಲ್ಲಿ ಆಗಷ್ಟೇ ಮನಶ್ಶಾಸ್ತ್ರದ ವಿಭಾಗ ತೆರೆದಿದ್ದರು. ಅಲ್ಲಿನ ಪ್ರೊಫೆಸರಿಗೆ ಲೆಕ್ಕ ಬಲ್ಲ ಸಹಾಯಕನೊಬ್ಬ ಬೇಕಾಗಿದ್ದಾನೆಂದು ಯಾರೋ ಹೇಳಿದರು. ಹೋದೆ. ಅವರು ಒಂದು ಉದ್ದನೆಯ ಸಂಖ್ಯೆ ಬರೆದುಕೊಟ್ಟು ಅದರ ವರ್ಗಮೂಲ ತೆಗೆಯಲು ಹೇಳಿ ಗೋಡೆಗಡಿಯಾರ ನೋಡುತ್ತ ಕೂತರು. ತೆಗೆದುಕೊಟ್ಟೆ. ಮನಸ್ಸಿನ ವಿಚಾರವಾಗಿ ಒಂದು ಮಾತನ್ನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಗೊತ್ತೂ ಇರಲಿಲ್ಲ. "ಯಾವ ಕಡೆಯವರು?" ಎಂದರು. ಹೊಳಲ್ಕೆರೆ ಎಂದೆ. "ಒಳ್ಳೆಯದಾಯಿತು" ಎಂದು ಸೋಮವಾರದಿಂದ ಬರಹೇಳಿದರು.

ಊರಿಗೆ ಹೋಗಿ ಅಪ್ಪನಿಗೆ ಸುದ್ದಿ ಹೇಳುವುದೇ ಕಷ್ಟವಾಯಿತು. ಹೊಳಲ್ಕೆರೆ ಪೇಟೆಯಲ್ಲಿ ಅವರದು ಜವಳಿ ಅಂಗಡಿ. ಮಗ ಅಮಲ್ದಾರನಾಗುತ್ತಾನೆಂದು ನಂಬಿ ಗಿರಾಕಿಗಳಿಗೆಲ್ಲ ಹೇಳಿಬಿಟ್ಟಿದ್ದರು. ಮನಶ್ಶಾಸ್ತ್ರ ಎಂದರೆ ಏನೆಂದು ಆದಷ್ಟು ಬಿಡಿಸಿ ಹೇಳಿದೆ. ಎಲ್ಲ ಕೇಳಿದ ಮೇಲೆ ಅವರು, "ಲೇ, ಹುಚ್ಚಾಸ್ಪತ್ರೆ ಕೆಲಸ ಅಂತ ನೆಟ್ಟಗೆ ಹೇಳಬಾರದಾ?" ಎಂದರು. ವಾರದೊಳಗೆ ಬಿ.ದುರ್ಗದಿಂದ ನಮ್ಮ ದೂರದ ನೆಂಟರೊಬ್ಬರು ಗಾಡಿ ಕಟ್ಟಿಸಿಕೊಂಡು ಬಂದು, ದೆವ್ವ ಹಿಡಿದಿದೆಯೆನ್ನುವ ಸೋದರತ್ತೆಯನ್ನು ನನ್ನ ಮುಂದೆ ಕೂರಿಸಿದರು. ಆಕೆಗೆ ಆಗಿದ್ದದ್ದು ಹಲ್ಲುನೋವು. ಲವಂಗ ಕೊಟ್ಟು ಕಳಿಸಿದೆ. ಊರಿನಲ್ಲಿ ನನಗೆ ಅಷ್ಟೊಂದು ಹೆಸರು ತಂದ ಕೆಲಸ ಮತ್ತೊಂದಿಲ್ಲ.

ಪ್ರೊಫೆಸರು ವಿಲಾಯಿತಿಯಲ್ಲಿ ಓದಿ ಬಂದವರು. ಮಾತು ಕಡಿಮೆ, ಕೋಟಿನ ಗುಂಡಿ ಒಂದೂ ಬಿಚ್ಚುವವರಲ್ಲ. ಮಕ್ಕಳ ಬುದ್ಧಿಯನ್ನು ಅಳೆಯುವ ಪರೀಕ್ಷೆಯೊಂದನ್ನು ಅವರು ಜೊತೆಯಲ್ಲಿ ತಂದಿದ್ದರು. ಪಾಠದ ಪ್ರಶ್ನೆಗಳಲ್ಲ, ಬುದ್ಧಿ ಓಡಿಸಿ ಉತ್ತರಿಸಬೇಕಾದವು. ಅದನ್ನು ಕನ್ನಡಕ್ಕೆ ತಂದು, ನಮ್ಮ ಸೀಮೆಯ ಹಳ್ಳಿ ಶಾಲೆಗಳಲ್ಲಿ ಮಕ್ಕಳಿಂದ ಬರೆಸಿ, ಬಂದ ಅಂಕಗಳ ಲೆಕ್ಕ ಹಾಕಬೇಕು. ಇದು ನನ್ನ ಕೆಲಸ. ಹೊಳಲ್ಕೆರೆ ಎಂದಾಗ ಅವರಿಗೆ ಸಂತೋಷವಾದದ್ದು ಇದಕ್ಕೇ. ನನಗೆ ಆ ಕಡೆಯ ಮಾತು ಬರುತ್ತಿತ್ತು.

ಆ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯಿತ್ತು. ಹಾಳೆಯ ಮೇಲೆ ಒಂದು ದೊಡ್ಡ ಗುಂಡು ಗೆರೆ. ಅದೊಂದು ಬಯಲು. ಗೆರೆಯಲ್ಲಿ ಒಂದು ಕಡೆ ಸಣ್ಣ ಸಂದು, ಅದು ಬಯಲಿನ ಬಾಗಿಲು. ಈ ಬಯಲಿನಲ್ಲಿ ನಿನ್ನ ಚೆಂಡು ಕಳೆದಿದೆ, ಹೇಗೆ ಹುಡುಕುತ್ತೀಯೋ ಗೆರೆ ಎಳೆದು ತೋರಿಸು ಎನ್ನುವುದು ಮೂಲದ ಪ್ರಶ್ನೆ. ಮಗು ಬಾಗಿಲಿನಿಂದ ಹೊರಟು ಸುತ್ತು ಸುತ್ತಾಗಿ ಒಳಕ್ಕೆ ಬಂದು, ಒಂದು ಮೂಲೆಯನ್ನೂ ಬಿಡದೆ ಹುಡುಕಿದರೆ ಪೂರ್ತಿ ಅಂಕ. ಹಳ್ಳಿಯ ಮಕ್ಕಳಿಗೆ ಚೆಂಡೆಲ್ಲಿಂದ ಬರಬೇಕೆಂದು ನಾನು ಚೆಂಡನ್ನು ತೆಗೆದು ಕುರಿ ಎಂದು ಹಾಕಿದೆ. ಪ್ರೊಫೆಸರು ಮೆಚ್ಚಿ ತಲೆಯಾಡಿಸಿದರು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಹಾಳೆಗಳನ್ನು ತಗಡಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಟೆ. ದುರ್ಗದವರೆಗೆ ರೈಲು, ಮುಂದೆ ಮೋಟಾರು ಬಸ್ಸು, ಅದು ಕೆಟ್ಟರೆ ಎತ್ತಿನ ಗಾಡಿ. ಐಮಂಗಲದಲ್ಲಿ ನಾನು ಬರುವ ಹೊತ್ತಿಗೆ ಶಾಲೆಯಲ್ಲಿ ಮೇಷ್ಟ್ರೊಬ್ಬರೇ ಕೂತಿದ್ದರು. ಸರ್ಕಾರದವರು ಮಕ್ಕಳನ್ನು ಆರಿಸಿ ಪಲ್ಟನ್ನಿಗೆ ಒಯ್ಯುತ್ತಾರೆಂದು ಸುದ್ದಿ ಹಬ್ಬಿ, ತಾಯಂದಿರು ಮಕ್ಕಳನ್ನು ಹೊಲಗಳಿಗೆ ಅಟ್ಟಿದ್ದರಂತೆ. ನನ್ನ ತೋಳು ಕಾಲು ನೋಡಿದ ಮೇಲೆ ಅವರ ಭಯ ಹೋಯಿತು; ಇಂಥವನು ಪಲ್ಟನ್ನಿಗೆ ಆಳು ಹಿಡಿಯಲು ಬಂದವನಲ್ಲ ಎಂದು ತೀರ್ಮಾನವಾಗಿ, ಮಾರನೆಯ ದಿನ ಮಕ್ಕಳು ಬಂದರು. ಹೊಸದುರ್ಗದಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿನ ಹೆಡ್ಮಾಸ್ತರು ಬಹಳ ಮುತುವರ್ಜಿಯಿಂದ ಹಿಂದಿನ ದಿನವೇ ಹಾಳೆ ನೋಡಿಕೊಂಡು ಎಲ್ಲರಿಗೂ ಉತ್ತರ ಬಾಯಿಪಾಠ ಮಾಡಿಸಿದ್ದರು. ಇಡೀ ತರಗತಿ ಒಂದೇ ಉತ್ತರ, ಒಂದೇ ತಪ್ಪು. ಆ ಶಾಲೆಯ ಹಾಳೆಗಳನ್ನು ಬೇರೆ ಕಟ್ಟಿಟ್ಟೆ.

ಜವನಗೊಂಡನಹಳ್ಳಿಯಲ್ಲಿ ಮಾತ್ರ ಎಲ್ಲವೂ ನೆಟ್ಟಗೆ ನಡೆಯಿತು. ಅಲ್ಲಿ ಕುರಿ ಸಾಕುವವರ ಮನೆಗಳು ಹೆಚ್ಚು. ತುಂಬ ಚುರುಕಾದ ಮಕ್ಕಳು. ಮಾತಿನ ಪ್ರಶ್ನೆ, ಅಂಕಿಯ ಪ್ರಶ್ನೆ, ಚಿತ್ರದ ಪ್ರಶ್ನೆ ಎಲ್ಲಕ್ಕೂ ಬೇಗ ಬೇಗ ಉತ್ತರ ಬರೆದರು. ಆದರೆ ಕುರಿಯ ಪ್ರಶ್ನೆಗೆ ಬಂದಾಗ ಹೆಚ್ಚಿನವರು ಬಾಗಿಲಿನ ಹತ್ತಿರ ಒಂದು ಚುಕ್ಕೆ ಇಟ್ಟು ಸೀಸದಕಡ್ಡಿ ಕೆಳಗಿಟ್ಟರು. ಪ್ರಶ್ನೆ ತಿಳಿಯಲಿಲ್ಲವೇ ಎಂದು ಮತ್ತೆ ಓದಿ ಹೇಳಿದೆ. ತಿಳಿಯಿತೆಂದರು. ಅದೇ ಚುಕ್ಕೆ. ನನ್ನ ಕೈಯಲ್ಲಿದ್ದ ಉತ್ತರಪಟ್ಟಿಯ ಪ್ರಕಾರ ಅದಕ್ಕೆ ಸೊನ್ನೆ. ಹಾಕಿದೆ.

ಮೈಸೂರಿಗೆ ಮರಳಿದ ಮೇಲೆ ಲೆಕ್ಕ ಶುರುವಾಯಿತು. ಈಗಿನವರಿಗೆ ಆ ಕೆಲಸ ಹೇಗಿರುತ್ತಿತ್ತೆಂದು ಹೇಳುವುದು ಕಷ್ಟ. ಲಾಗರಿದಮ್ ಪುಸ್ತಕ, ಸೀಸದಕಡ್ಡಿ, ರಬ್ಬರು, ಮತ್ತು ತಾಳ್ಮೆ. ನನ್ನಲ್ಲಿ ಮೂರು ಮಾತ್ರ ಇದ್ದವು. ನಾಲ್ಕನೆಯದು ನನ್ನ ಹೆಂಡತಿಯಲ್ಲಿತ್ತು. ದುರ್ಗದವಳು, ಕನ್ನಡ ಲೋವರ್ ಸೆಕೆಂಡರಿಯವರೆಗೆ ಓದಿದ್ದಳು, ಕೂಡುವುದರಲ್ಲಿ ನನಗಿಂತ ಚುರುಕು. ಬೆಳಿಗ್ಗೆ ಅಡುಗೆ ಮುಗಿಸಿ ಜಗಲಿಗೆ ಬಂದು, ನಾನು ಹಾಕಿದ ಲೆಕ್ಕವನ್ನೆಲ್ಲ ತಾನೊಂದು ಸಲ ಹಾಕಿ ಸರಿಯಿದ್ದರೆ ಕೆಂಪು ಟಿಕ್ಕು ಹಾಕುತ್ತಿದ್ದಳು. ಕೆಂಪು ಟಿಕ್ಕು ಇಲ್ಲದ ಹಾಳೆ ಕಾಲೇಜಿಗೆ ಹೋಗುತ್ತಿರಲಿಲ್ಲ.

ಪ್ರಶ್ನೆ ಒಳ್ಳೆಯದೋ ಅಲ್ಲವೋ ನೋಡುವ ಬಗೆ ಸರಳ. ಉಳಿದ ಪ್ರಶ್ನೆಗಳಲ್ಲಿ ಚೆನ್ನಾಗಿ ಮಾಡಿದ ಮಕ್ಕಳು ಈ ಪ್ರಶ್ನೆಯಲ್ಲೂ ಸುಮಾರಾಗಿ ಚೆನ್ನಾಗಿ ಮಾಡಿರಬೇಕು. ಇವೆರಡು ಎಷ್ಟರಮಟ್ಟಿಗೆ ಜೊತೆಯಾಗಿ ಹೋಗುತ್ತವೆಂದು ಒಂದು ಸಂಖ್ಯೆಯಲ್ಲಿ ಹೇಳಬಹುದು. ಅದಕ್ಕೆ ಸಹಸಂಬಂಧ ಎನ್ನುತ್ತೇವೆ. ಒಂದೊಂದೇ ಪ್ರಶ್ನೆಯ ಸಂಖ್ಯೆ ತೆಗೆಯುತ್ತ ಬಂದೆ. ಕುರಿಯ ಪ್ರಶ್ನೆಗೆ ಬಂದಾಗ ಸಂಖ್ಯೆಯ ಎಡಕ್ಕೆ ಕಳೆಯುವ ಚಿಹ್ನೆ ಬಂತು. ಅಂದರೆ, ಜಾಣರು ಸೋತಿದ್ದರು, ಮಂದರು ಗೆದ್ದಿದ್ದರು. ಎಲ್ಲೋ ತಪ್ಪಿದೆನೆಂದು ಮತ್ತೆ ಹಾಕಿದೆ. ಮತ್ತೂ ಹಾಕಿದೆ. ಹೆಂಡತಿ ಹಾಕಿದಳು. ಚಿಹ್ನೆ ಅಲ್ಲೇ ಇತ್ತು.

ಅವಳು ಜವನಗೊಂಡನಹಳ್ಳಿಯ ಹಾಳೆಗಳನ್ನು ಮಾತ್ರ ಬೇರೆ ತೆಗೆದು ಜಗಲಿಯ ಮೇಲೆ ಹರಡಿದಳು. ಸ್ವಲ್ಪ ಹೊತ್ತು ನೋಡಿ ಹೇಳಿದಳು:

"ಅಲ್ರೀ, ಈ ಮಕ್ಕಳು ಉಳಿದದ್ದೆಲ್ಲ ಸರಿ ಬರ್ದವೆ. ಇದೊಂದಕ್ಕೆ ಬಂದಾಗ ಎಲ್ಲಾ ಒಟ್ಟಿಗೆ ದಡ್ಡರಾಗಿಬಿಟ್ರಾ? ಸುಮ್ನೆ ಹೋಗಿ ಕೇಳಿಕಂಡು ಬರ್ರಿ."

ಪ್ರೊಫೆಸರಿಗೆ ಹೇಳಿದೆ. ಅವರು ಹಾಳೆಯಿಂದ ತಲೆಯೆತ್ತದೆ, ಪ್ರಶ್ನೆ ಕೆಟ್ಟಿದೆ, ಕಿತ್ತುಹಾಕಿ, ಮುಂದಕ್ಕೆ ಹೋಗಿ ಎಂದರು. ಶಾಸ್ತ್ರದ ಪ್ರಕಾರ ಅದು ಸರಿಯಾದ ಮಾತೇ. ಆದರೂ ಮನಸ್ಸು ಒಪ್ಪಲಿಲ್ಲ. ದಸರೆಯ ರಜ ಬಂತು. ಊರಿಗೆ ಹೋಗುತ್ತೇನೆಂದು ಹೇಳಿ, ಬೆಂಗಳೂರಿನ ಮೇಲೆ ಬಸ್ಸು ಹಿಡಿದು ಜವನಗೊಂಡನಹಳ್ಳಿಯಲ್ಲಿ ಇಳಿದೆ.

ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದದ್ದು ಹತ್ತು ವರ್ಷದ ಒಬ್ಬ ಹುಡುಗಿ. ಕುರಿಯ ಪ್ರಶ್ನೆಗೆ ಅವಳದೂ ಚುಕ್ಕೆಯೇ. ಮೇಷ್ಟ್ರು ಅವಳ ಮನೆಗೆ ಕರೆದುಕೊಂಡು ಹೋದರು. ಅವಳ ತಾತ ಕಂಬಳಿ ಹಾಸಿ, "ಕುಂತ್ಕಳ್ರಿ ಸಾಮಿ" ಎಂದು ಮಜ್ಜಿಗೆ ತರಿಸಿದ. ನಾನು ಹುಡುಗಿಯ ಮುಂದೆ ಅವಳ ಹಾಳೆ ಬಿಡಿಸಿ, ಕುರಿ ಹುಡುಕು ಅಂದರೆ ಚುಕ್ಕೆ ಯಾಕಿಟ್ಟೆ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ತಮಾಷೆಗೆ ಕೇಳುತ್ತಿದ್ದೇನೋ ಎಂದು ಅನುಮಾನ ಬಂದಿರಬೇಕು.

"ಕುರಿ ಬಿದ್ದಲ್ಲೇ ಬಿದ್ದಿರ್ತೈತಾ ಸಾ? ಅದೂ ನಮ್ಮನ್ನ ಹುಡುಕ್ತಿರ್ತೈತೆ. ನಾನೂ ತಿರುಗಿ ಅದೂ ತಿರುಗಿದ್ರೆ ಸಿಗಾದು ಯಾವಾಗ? ಒಬ್ರು ನಿಂತ್ಕಬೇಕು. ಅದಕ್ಕೆ ಬಾಗ್ಲಾಗೆ ನಿಂತೀನಿ."

ಆ ಚುಕ್ಕೆ ಅವಳೇ. ನಾನು ಅದನ್ನು ಉತ್ತರ ಗೊತ್ತಿಲ್ಲದ ಮಗುವಿನ ಗುರುತೆಂದು ತಿಳಿದು ಸೊನ್ನೆ ಸುತ್ತಿದ್ದೆ.

ಆದರೂ ನಾನು ಗಣಿತದವನು, ಬರೀ ಮಾತಿಗೆ ಒಪ್ಪುವ ಜಾತಿಯಲ್ಲ. ಎಲ್ಲ ಜಾಗವನ್ನೂ ಕ್ರಮವಾಗಿ ಹುಡುಕಿದರೆ ಸಿಗಲೇಬೇಕಲ್ಲ ಎಂದು ತಾತನೊಂದಿಗೆ ವಾದಕ್ಕಿಳಿದೆ. ಅವನು ವಾದ ಮಾಡಲಿಲ್ಲ. ಮಧ್ಯಾಹ್ನದಿಂದ ಒಂದು ಬಾಣಂತಿ ಕುರಿ ಹಿಂಡಿನಲ್ಲಿ ಕಾಣುತ್ತಿಲ್ಲ, ಮೇವಿನ ಬಯಲಿನಲ್ಲೇ ಎಲ್ಲೋ ಉಳಿದಿರಬೇಕು ಎಂದ. "ಬರ್ರಿ ಸಾಮಿ, ಹೋಗಾಣ. ನೀವು ನಿಮ್ಮಂಗೆ ಹುಡುಕ್ರಿ."

ಊರ ಹಿಂದಿನ ಬಯಲಿಗೆ ಮುಳ್ಳಿನ ಬೇಲಿಯಿತ್ತು, ಒಂದೇ ಬಾಗಿಲು. ನಾನು ಪಂಚೆ ಎತ್ತಿಕಟ್ಟಿ ಬೇಲಿಯ ಪಕ್ಕದಿಂದ ಸುತ್ತು ಶುರುಮಾಡಿದೆ. ಉತ್ತರಪಟ್ಟಿಯಲ್ಲಿದ್ದ ಚಿತ್ರದ ಹಾಗೆಯೇ, ಒಂದು ಗಜ ತಪ್ಪದೆ. ಪ್ರೊಫೆಸರು ನೋಡಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಹಾಳೆಯ ಮೇಲೆ ಜಾಲಿಮುಳ್ಳು ಇರುವುದಿಲ್ಲ, ಇಲ್ಲಿತ್ತು. ಎರಡನೆಯ ಸುತ್ತಿಗೆ ಪಂಚೆ ಹರಿಯಿತು, ಒಂದು ಚಪ್ಪಲಿಯ ಉಂಗುಷ್ಟ ಕಿತ್ತಿತು. ಅತ್ತ ಹುಡುಗಿ ಆ ಕುರಿಯ ಮರಿಯನ್ನು ಎತ್ತಿಕೊಂಡು ಬಾಗಿಲಿನಲ್ಲಿ ನಿಂತಿದ್ದಳು. ಮರಿ ಒಂದೆರಡು ಸಲ ಅರಚಿತು. ನನ್ನ ಎಡಗಡೆಯ ಪೊದೆಯಿಂದ ಒಂದು ಕುರಿ ಎದ್ದು, ನನ್ನನ್ನು ಕಂಡರೂ ಕಾಣದ ಹಾಗೆ ದಾಟಿಕೊಂಡು, ನೇರ ಅವಳ ಕಡೆಗೆ ಓಡಿತು. ಮೊದಲ ಸುತ್ತಿನಲ್ಲಿ ಅದೇ ಪೊದೆಯನ್ನು ಹಾದು ಬಂದಿದ್ದೆ.

ಹಿಂದಿರುಗಿ ಬಂದು ಮುಳ್ಳು ತೆಗೆಸಿಕೊಳ್ಳುತ್ತ ಕೂತಾಗ, ತಾತ ನನ್ನ ಉತ್ತರಪಟ್ಟಿಯ ಚಿತ್ರವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಬಹಳ ಮರ್ಯಾದೆಯಿಂದಲೇ ಕೇಳಿದ: "ಸಾಮಿ, ಇದು ಕುರಿ ಹುಡುಕಾದಾ, ದೇವ್ರಿಗೆ ಪ್ರದಕ್ಷಿಣೆ ಹಾಕಾದಾ?"

ಮೇಷ್ಟ್ರು ಮಜ್ಜಿಗೆ ನೆತ್ತಿಗೇರಿ ಕೆಮ್ಮಿದರು. ನನಗೂ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಮೂಲದ ಚೆಂಡು ಬಿದ್ದಲ್ಲೇ ಇರುತ್ತದೆ. ಅದಕ್ಕೆ ಸುತ್ತುವುದೇ ಸರಿ. ಕುರಿ ಎಂದು ಬದಲಿಸಿದವನು ನಾನು. ಉತ್ತರವನ್ನು ಬದಲಿಸಬೇಕೆಂದು ನನಗೆ ಹೊಳೆಯಲಿಲ್ಲ. ಹೆಸರು ಮಾತ್ರ ನಮ್ಮ ಊರಿನದಾಗಿ, ಬುದ್ಧಿ ಬೇರೆಲ್ಲಿಯದೋ ಆಗಿತ್ತು. ಆ ಮಕ್ಕಳಿಗೆಲ್ಲ ನಾನು ಸೊನ್ನೆ ಹಾಕಿ, ಅದನ್ನು ಶಾಸ್ತ್ರವೆಂದು ಕಟ್ಟಿಕೊಂಡು ಮೈಸೂರಿಗೆ ಒಯ್ದಿದ್ದೆ.

ರಜ ಮುಗಿದ ಮೇಲೆ ಪ್ರೊಫೆಸರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಹರಿದ ಪಂಚೆಯ ವಿಷಯ ಬಿಟ್ಟೆ. ಪ್ರಶ್ನೆಯನ್ನು ಕಿತ್ತರೆ ತಪ್ಪು ಯಾರದೆಂಬುದು ಅಳಿಸಿಹೋಗುತ್ತದೆ, ಅದನ್ನು ಉಳಿಸಿಕೊಂಡು ಬರೆಯಬೇಕು ಎಂದೆ. ಅವರಿಗೆ ಎದುರಾಡಿದ್ದು ಅದೇ ಮೊದಲು. ಒಂದು ವಾರ ನನ್ನ ನಮಸ್ಕಾರಕ್ಕೂ ಉತ್ತರವಿರಲಿಲ್ಲ. ಮನೆಯಲ್ಲಿ ಹೆಂಡತಿಗೆ, ಹೊಳಲ್ಕೆರೆಗೆ ಹೋಗಿ ಜವಳಿ ಅಳೆಯಲು ತಯಾರಾಗು ಎಂದೆ. ಅಳತೆ ಅಳತೆಯೇ ತಾನೆ ಎಂದಳು. ಎಂಟನೆಯ ದಿನ ಪ್ರೊಫೆಸರು ಕರೆದು, ಆ ಹುಡುಗಿ ಹೇಳಿದ ಮಾತನ್ನು ಇನ್ನೊಂದು ಸಲ ಹೇಳಿ ಎಂದರು. ಹೇಳಿದೆ. "ಒಬ್ಬರು ನಿಲ್ಲಬೇಕು" ಎಂದು ತಮಗೆ ತಾವೇ ಹೇಳಿಕೊಂಡು, ನನ್ನನ್ನೇ ಲೇಖನ ಬರೆಯಲು ಹೇಳಿದರು.

ಅದು ನನ್ನ ಮೊದಲ ಲೇಖನ. ಅದರ ಬಲದಿಂದಲೇ ನನ್ನ ಕೆಲಸ ಕಾಯಂ ಆಯಿತು, ಸಂಖ್ಯಾಶಾಸ್ತ್ರದ ಪಾಠ ನನ್ನ ಪಾಲಿಗೆ ಬಂತು. ಲೇಖನದ ಮೇಲೆ ನನ್ನ ಹೆಸರೊಂದೇ ಇತ್ತು. ಲೆಕ್ಕದಲ್ಲಿ ಅರ್ಧ ನನ್ನ ಹೆಂಡತಿಯದು, ಮೊದಲ ಅನುಮಾನವಂತೂ ಪೂರ್ತಿ ಅವಳದೇ. ಕೊನೆಯಲ್ಲಿ ಅವಳಿಗೆ ಕೃತಜ್ಞತೆ ಹೇಳುವ ಒಂದು ಸಾಲು ಬರೆದಿದ್ದೆ. ಮನೆಯ ವಿಷಯ ಶಾಸ್ತ್ರದಲ್ಲಿ ಬೇಡವೆಂದು ಪ್ರೊಫೆಸರು ಹೊಡೆದುಹಾಕಿದರು. ಒಮ್ಮೆ ಎದುರಾಡಿ ಸುಸ್ತಾಗಿದ್ದ ನಾನು ಆ ಸಲ ಸುಮ್ಮನಾದೆ. ಅಚ್ಚಾಗಿ ಬಂದದ್ದನ್ನು ಅವಳು ಮಡಿಲಲ್ಲಿಟ್ಟುಕೊಂಡು ಸಂಖ್ಯೆಗಳನ್ನು ಬೆರಳಿನಿಂದ ತಡವಿ ನೋಡಿದಳು, ಹೆಸರಿನ ಮಾತೆತ್ತಲಿಲ್ಲ. ಆ ಸಲ ನಾನು ಸುಮ್ಮನಾದದ್ದು ಈಗಲೂ ನನ್ನನ್ನು ಚುಚ್ಚುತ್ತದೆ.

ಮುಂದಿನ ವರ್ಷ ಪ್ರೊಫೆಸರು ತಾವೇ ಹೊರಟು ನಿಂತರು. ಈ ಸಲ ಪ್ರಶ್ನೆ ಬರೆಯುವುದಕ್ಕೆ ಮೊದಲು ಊರವರನ್ನು ಕೇಳುವುದೆಂದು ಗೊತ್ತುಮಾಡಿದ್ದೆವು. ಹೊಸದುರ್ಗದ ಹತ್ತಿರದ ಒಂದು ಹಳ್ಳಿ ಶಾಲೆಯಲ್ಲಿ, ಜಾಣ ಮಗುವನ್ನು ಕಂಡುಹಿಡಿಯಲು ನೀವಾದರೆ ಏನು ಕೇಳುತ್ತೀರಿ ಎಂದು ಅವರು ಮಕ್ಕಳನ್ನೇ ಕೇಳಿದರು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಹೊರಗೆ ಓಡಿ ಎರಡು ತೆಂಗಿನಕಾಯಿ ತಂದು ಮೇಜಿನ ಮೇಲಿಟ್ಟಳು. ಒಡೆಯದೆ ಹೇಳಬೇಕು, ಇದರಲ್ಲಿ ಬಲಿತದ್ದು ಯಾವುದು?

ಪ್ರೊಫೆಸರು ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಎರಡನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು, ತೂಗಿ ನೋಡಿದರು, ಬೆರಳಿನಿಂದ ತಟ್ಟಿದರು. ತುಂಬ ಯೋಚಿಸಿ ನೀರು ಕುಲುಕದಿದ್ದ ದೊಡ್ಡದನ್ನು ಮುಂದಕ್ಕೆ ಸರಿಸಿದರು. ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ಒಡೆಸಿ ತೋರಿಸಿದರು. ದೊಡ್ಡದು ಎಳೆಯದು, ಕುಲುಕುತ್ತಿದ್ದ ಸಣ್ಣದೇ ಬಲಿತದ್ದು. ಪ್ರೊಫೆಸರು ನನ್ನ ಕೈಯಿಂದ ಅಂಕದ ಪುಸ್ತಕ ತೆಗೆದುಕೊಂಡು, ಮಕ್ಕಳ ಹೆಸರುಗಳ ಕೆಳಗೆ ತಮ್ಮ ಹೆಸರನ್ನೂ ಬರೆದು, ಅದರ ಮುಂದೆ ಒಂದು ಸೊನ್ನೆಯನ್ನು ದುಂಡಗೆ, ನಿಧಾನವಾಗಿ ಸುತ್ತಿದರು. ಆಮೇಲೆ ಎರಡನೆಯ ಪ್ರಶ್ನೆ ಕೇಳಮ್ಮ ಎಂದರು.