ಬಾರದವನ ಕುರಿಗಳು

ನಲ್ಲಂಪಳ್ಳಿ ಕಡೆಯ ನಮ್ಮೂರಿನಿಂದ ಬರ್ಮಾ ಯುದ್ಧಕ್ಕೆ ಹೋದವರೆಲ್ಲ ಕುರಿ ಕಾಯುವ ಹುಡುಗರೇ. ತಿರುಗಿ ಬಂದವರು ಮರುದಿನವೇ ಕೋಲು ಹಿಡಿದು ಮಂದೆಯ ಹಿಂದೆ ನಡೆದರಂತೆ. ಅವರಲ್ಲಿ ನನ್ನ ತಾತನೂ ಒಬ್ಬ. ತಾತನ ಜೊತೆಗೇ ಹೋದ ಗೆಳೆಯ ಮಾತ್ರ ಬರಲಿಲ್ಲ. ಅವನ ಕುರಿಗಳನ್ನು ತಾತ ನಮ್ಮ ಮಂದೆಯಲ್ಲೇ ಐವತ್ತು ವರ್ಷ ಸಾಕಿದ. ಅವುಗಳ ಉಣ್ಣೆ, ಗಂಡುಮರಿ ಎಲ್ಲ ಗೆಳೆಯನ ಹೆಂಡತಿಗೆ.

ಕುರಿ ಯಾರದೆಂದು ಹೇಳುವುದು ಅದರ ಕಿವಿ. ನಮ್ಮವಕ್ಕೆ ಎಡಗಿವಿಯಲ್ಲಿ ಒಂದು ಕಚ್ಚು, ಗೆಳೆಯನವಕ್ಕೆ ಬಲಗಿವಿಯಲ್ಲಿ. ತಾಯಿಯ ಗುರುತೇ ಮರಿಗೂ.

ತೊಂಬತ್ತರ ದಶಕದ ಒಂದು ವರ್ಷ ತಾತನ ಕಣ್ಣಿಗೆ ಧರ್ಮಪುರಿಯಲ್ಲಿ ಆಪರೇಷನ್ ಆಯಿತು. ಮರಿಗಳ ಕಿವಿಗೆ ಕಚ್ಚು ಹಾಕುವ ಕತ್ತರಿ ನನ್ನ ಕೈಗೆ ಬಂತು, ಮಂಗನ ಕೈಗೆ ಮಾಣಿಕ್ಯ ಬಂದಂತೆ. ಆಗ ನನಗೆ ಮದುವೆ ಗೊತ್ತಾಗಿತ್ತು, ಮನಸ್ಸು ಎಲ್ಲೋ ಇತ್ತು ಎನ್ನಬಹುದು. ನಿಜವೆಂದರೆ ನಾನು ಹುಟ್ಟಾ ಅವಸರದವಳು. ತಾಯಿಯ ಕಿವಿ ನೋಡದೆ ಎಲ್ಲ ಮರಿಗಳ ಎಡಗಿವಿಯನ್ನೇ ಕತ್ತರಿಸಿದೆ. ಗೆಳೆಯನ ಗುರುತಿನ ಕುರಿಗಳು ಉಳಿದಿದ್ದದ್ದೇ ಎರಡು. ಎರಡೂ ಮುದಿ, ಆ ಸಲದ ಮರಿಗಳೇ ಅವುಗಳ ಕೊನೆಯವು, ಇನ್ನು ಈಯುವಂಥವಲ್ಲ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ತಾತ ಮರಿಗಳ ಕಿವಿ ಒಂದೊಂದಾಗಿ ಸವರಿದ, ಬಲಗಿವಿಯಲ್ಲಿ ಕಚ್ಚು ಒಂದಕ್ಕೂ ಸಿಗಲಿಲ್ಲ.

"ಬಲಗಿವೀನೂ ಕತ್ತರಿಸ್ಲಾ ತಾತ?" ಎಂದೆ.

"ಎರಡು ಕಿವಿ ಕತ್ತರಿಸಿದ್ರೆ ಕದ್ದ ಕುರಿ ಅಂತಾರೆ. ಅವ್ನು ಬಂದು ನನ್ ಕುರಿ ಎಲ್ಲಲಾ ಅಂದ್ರೆ ಯಾವ್ದು ತೋರ್ಸ್ಲಿ?"

ಅವತ್ತು ತಾತ ಉಣ್ಣಲಿಲ್ಲ. ನಾನೇ ಹೋಗಿ ಗೆಳೆಯನ ಹೆಂಡತಿಯ ಮುಂದೆ ತಪ್ಪೊಪ್ಪಿಕೊಂಡೆ. ಎಪ್ಪತ್ತು ದಾಟಿದ ಅಜ್ಜಿ. ಬೈಯಲಿಲ್ಲ, ನನ್ನ ಜೊತೆ ನಡೆದು ಬಂದು ತಾತನ ಎದುರು ಕುಳಿತಳು.

"ಅಣ್ಣಾ, ಇಬ್ರೂ ಒಟ್ಗೆ ಯುದ್ಧದ ಪಟ್ಟಾಳಕ್ಕೆ ಓಗಿದ್ರಿ. ಅವ್ರು ಬರಾಕಿಲ್ಲ ಅಂತ ನಂಗೆ ಆವತ್ತೇ ತಿಳೀತು. ನೀನು ಬಂದಿದ್ದು ಮಾತ್ರ ನಿಂಗಿನ್ನೂ ತಿಳ್ದಿಲ್ಲ. ಇನ್ನಾದ್ರೂ ನಿನ್ ಕುರಿ ನೀನು ಮೇಯ್ಸು."

ತಾತ ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಉಣ್ಣೆ ಮಾತ್ರ ಅಜ್ಜಿ ಇರುವವರೆಗೂ ಅವಳ ಮನೆಗೇ ಹೋಯಿತು.

ಯುದ್ಧಕ್ಕೆ ಹೋದ ಆ ಹುಡುಗರಿಗೆಲ್ಲ ನಾನು ಋಣಿ, ಬಂದವರಿಗೂ ಬಾರದವನಿಗೂ. ತಾತ ಬದುಕಿ ಬಂದದ್ದರಿಂದ ನನ್ನಪ್ಪ, ಅಪ್ಪನಿಂದ ನಾನು. ಆದರೂ ನಮ್ಮ ಮನೆಯಲ್ಲಿ ಯಾರೊಬ್ಬರೂ ನೀನು ಬಂದದ್ದು ಒಳ್ಳೆಯದಾಯಿತು ಎಂದು ತಾತನಿಗೆ ಹೇಳಿರಲಿಲ್ಲ, ಆ ಅಜ್ಜಿಯ ಕಿವಿಗೆ ಬಿದ್ದರೆ ನೊಂದಾಳೆಂದು. ಕೊನೆಗೆ ಅದನ್ನು ಹೇಳಿದವಳು ಅವಳೇ.