ಖಾಲಿ ಲಿಫ್ಟ್ ತಾನಾಗಿಯೇ ಏರುತ್ತದೆ

ಏಳು ಅಂತಸ್ತಿನ ಆ ಕಟ್ಟಡದಲ್ಲಿ ಅವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷದಿಂದ ಲಿಫ್ಟ್ ರಿಪೇರಿಯೇ ಅವನ ಕಸುಬು. ಕೆಟ್ಟ ಲಿಫ್ಟ್ ಸರಿಯಾದ ಮೇಲೆ ಮೊದಲ ಸಲ ಅವನೊಬ್ಬನೇ ಹತ್ತಿ ತುದಿ ಮುಟ್ಟಿ ಬರಬೇಕು. ಅಲ್ಲಿಯವರೆಗೆ ಕಟ್ಟಡದ ಯಜಮಾನನೇ ಗೋಗರೆದರೂ ಒಳಗೆ ಬಿಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ತನ್ನ ಕೆಲಸ ತೋರಿಸಲೆಂದು ಹೆಂಡತಿಯನ್ನು ಕರೆತಂದು, ಅವಳನ್ನೂ ಬಾಗಿಲ ಹೊರಗೆ ನಿಲ್ಲಿಸಿ ಒಬ್ಬನೇ ಮೇಲೆ ಹೋಗಿದ್ದ ಭೂಪ. ಹೊಸ ಬಟ್ಟೆ ತೊಟ್ಟು ಬೆಪ್ಪಾಗಿ ನಿಂತದ್ದನ್ನು ಆಕೆ ಇಂದಿಗೂ ಮರೆತಿಲ್ಲ.

ಇಷ್ಟು ಹುಷಾರಿನ ಮನುಷ್ಯ ಷೇರು ಪೇಟೆಯಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ಹೋಗಿದ್ದ. ನಾಲ್ಕನೇ ಮಹಡಿಯಲ್ಲಿ ಷೇರು ದಲ್ಲಾಳಿಯ ಕಚೇರಿ. ದಿನವೂ ಕಿವಿಗೆ ಬೀಳುವ ಲಾಭದ ಮಾತು ಯಾರನ್ನು ಬಿಟ್ಟೀತು? ಆರು ವರ್ಷ ಹೊತ್ತು ಮೀರಿ ದುಡಿದು ಗಳಿಸಿದ ಓಟಿ ದುಡ್ಡು ಹಾಕಿದ. ಮೂರು ತಿಂಗಳ ಹಿಂದೆ ಪೇಟೆ ಕುಸಿದು, ಒಂದೇ ವಾರದಲ್ಲಿ ಅದು ಅರ್ಧವಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಈಗ ನಾಲ್ಕು ದಿನದಿಂದ ಪೇಟೆ ಎದ್ದಿತ್ತು. ಸುಮ್ಮನೆ ಎದ್ದದ್ದಲ್ಲ, ಕುಣಿಯುತ್ತ ಎದ್ದಿತ್ತು. ಲಿಫ್ಟಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸ್ಕ್ರೂ ಒಂದು ಸುತ್ತು ತಿರುಗಿಸಿದರೆ ಫೋನು ಎರಡು ಸಲ ನೋಡುತ್ತಿದ್ದ. ಅದರ ಮೇಲೆ ಹೆಂಡತಿಯ ತಮ್ಮನ ಒತ್ತಾಯ ಬೇರೆ.

"ಭಾವ, ಅಕ್ಕನ ದುಡ್ಡು ಬ್ಯಾಂಕಲ್ಲಿ ನಿದ್ದೆ ಮಾಡ್ತಿದೆ. ಇವತ್ತೇ ಹಾಕಿ. ಹದಿನೈದು ದಿನದಲ್ಲಿ ಹೋಗಿದ್ದೆಲ್ಲಾ ವಾಪಸ್ ಬರುತ್ತೆ."

ಅಕ್ಕನ ದುಡ್ಡು ಎಂದರೆ, ಮನೆಯ ಮುಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಬಟ್ಟೆ ಹೊಲಿದು ಅವಳು ಕೂಡಿಟ್ಟದ್ದು. ಹೊಲಿಗೆ ಅಂಗಡಿಗೆಂದು ಅವಳು ಕಣ್ಣಿಟ್ಟಿದ್ದ ಮಳಿಗೆಯೊಂದು ಬೀದಿಯ ಮೂಲೆಯಲ್ಲಿ ಖಾಲಿಯಾಗಿತ್ತು. ಅಂದು ಸಂಜೆ ಐದರೊಳಗೆ ಅಡ್ವಾನ್ಸ್ ಕೊಟ್ಟರೆ ಅವಳದು, ಇಲ್ಲದಿದ್ದರೆ ಬೇರೆಯವರ ಪಾಲು. ದುಡ್ಡು ಗಂಡನ ಖಾತೆಯಲ್ಲಿತ್ತು, ಕಳಿಸುವ ಕೆಲಸವನ್ನೂ ಅವನಿಗೇ ಒಪ್ಪಿಸಿದ್ದಳು. ಮಳಿಗೆ ಇನ್ನೊಂದು ಸಿಕ್ಕೀತು, ಇಂಥ ಏರಿಕೆ ಸಿಕ್ಕೀತೇ ಎಂದು ಬೆಳಗಿನಿಂದ ಅವನ ಮನಸ್ಸು ತುಡಿಯುತ್ತಿತ್ತು.

ಅದೇ ದಿನ ಲಿಫ್ಟ್ ಕೈಕೊಟ್ಟಿತು. ಜನ ತುಂಬಿದರೆ ಸಾಕು, ನಡುವೆ ನಿಂತುಬಿಡುತ್ತಿತ್ತು. ತಾರಸಿಯ ಮೋಟಾರ್ ಕೋಣೆಯಲ್ಲಿ ಲಿಫ್ಟಣ್ಣ ಕೈ ಕಪ್ಪು ಮಾಡಿಕೊಂಡು ಕೂತಿದ್ದಾಗ, ದಲ್ಲಾಳಿ ಕಚೇರಿಯ ಗುಮಾಸ್ತ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ.

"ಇವತ್ತೂ ಏರ್ತಿದೆ ಲಿಫ್ಟಣ್ಣ. ಗಾಳಿ ಬಂದಾಗ ತೂರ್ಕೋಬೇಕು. ಹೂಂ ಅನ್ನಿ."

ಹೂಂ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಕೈಗೆತ್ತಿಕೊಂಡ ಕೆಲಸ ಮುಗಿಸಿಬಿಡೋಣ ಎಂದು, ಲಿಫ್ಟಿನಲ್ಲಿ ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡು, ಕರೆಂಟ್ ತೆಗೆದು ಬ್ರೇಕಿನ ಹಿಡಿಯನ್ನು ಮೆಲ್ಲಗೆ ಎತ್ತಿದ. ಲಿಫ್ಟ್ ತಣ್ಣಗೆ ಮೇಲಕ್ಕೆ ಹೊರಟಿತು.

ಗುಮಾಸ್ತ ಚಪ್ಪಾಳೆ ತಟ್ಟಿದ. "ನೋಡಿ, ನಿಮ್ಮ ಲಿಫ್ಟೂ ಕರೆಂಟಿಲ್ದೆ ಏರ್ತಿದೆ. ಇದಕ್ಕಿಂತ ಶಕುನ ಬೇಕಾ?"

"ಶಕುನ ಏನೂ ಅಲ್ಲ. ಹಗ್ಗದ ಆ ಕಡೆ ಕಬ್ಬಿಣದ ಭಾರ ಕಟ್ಟಿರುತ್ತೆ. ಲಿಫ್ಟಲ್ಲಿ ಜನ ಇಲ್ದಿದ್ರೆ ಆ ಭಾರ ಕೆಳಗಿಳಿದು ಇದನ್ನ ಮೇಲಕ್ಕೆ ಎಳೆಯುತ್ತೆ. ಖಾಲಿ ಏರಿದ್ರೆ ಮೋಟಾರಿಗೆ ಶಕ್ತಿ ಇದೆ ಅಂತಲ್ಲ. ಜನ ಹತ್ತಿದ ಮೇಲೆ..."

ಮಾತು ಅಲ್ಲೇ ನಿಂತಿತು. ಬ್ರೇಕಿನ ಹಿಡಿ ಬಿಟ್ಟು ಗುಮಾಸ್ತನತ್ತ ತಿರುಗಿದ. "ಅದಿರ್ಲಿ, ಈ ನಾಲ್ಕು ದಿನ ಪೇಟೇಲಿ ವ್ಯಾಪಾರ ಎಷ್ಟಾಗಿದೆ? ಒಳಗೆ ಜನ ಇದಾರಾ?"

ಗುಮಾಸ್ತ ತಲೆ ಕೆರೆದುಕೊಂಡ. "ನಿಜ ಹೇಳ್ಬೇಕಂದ್ರೆ ಮಾಮೂಲಿನ ಅರ್ಧಾನೂ ಇಲ್ಲ. ಮಾರೋರೆಲ್ಲ ಮಾರಿ ಸುಸ್ತಾಗಿ ಕೂತಿದಾರೆ. ನಾಲ್ಕು ಜನ ಕೊಂಡ್ರೂ ರೇಟು ಚಿಮ್ಮುತ್ತೆ. ದೊಡ್ಡೋರು ಇನ್ನೂ ಹೊರಗೇ ನಿಂತಿದಾರೆ."

ಲಿಫ್ಟಣ್ಣನಿಗೆ ಬೆವರೂ ಬಂತು, ನಗುವೂ ಬಂತು. ಮೂವತ್ತೊಂದು ವರ್ಷ ಊರವರಿಗೆಲ್ಲ ಪಾಲಿಸಿದ ನಿಯಮ ಹೆಂಡತಿಯ ಹನ್ನೊಂದು ವರ್ಷಕ್ಕೆ ಮರೆತುಹೋಗಿತ್ತಲ್ಲ! ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೊದಲು ಅವಳ ದುಡ್ಡನ್ನು ಮಳಿಗೆಯವನಿಗೆ ಕಳಿಸಿದ. ಲಿಫ್ಟಣ್ಣನೂ ಮನುಷ್ಯನೇ, ಆಸೆ ಸತ್ತಿರಲಿಲ್ಲ. ಈ ತಿಂಗಳ ಓಟಿ ದುಡ್ಡನ್ನು ಮಾತ್ರ ಪೇಟೆಗೆ ಹಾಕಿದ.

ಸುದ್ದಿ ತಿಳಿದ ಭಾವಮೈದ ಫೋನಿನಲ್ಲೇ ಹಾರಾಡಿದ. "ದೇವರು ವರ ಕೊಟ್ರೂ ಪೂಜಾರಿ ಕೊಡ ಅನ್ನೋದು ನಿಮ್ಮನ್ನ ನೋಡೇ, ಭಾವ."

ಪೇಟೆ ಅಂದೂ ಏರಿಯೇ ಮುಗಿಯಿತು. ಸಂಜೆ ಲಿಫ್ಟಣ್ಣ ಮಳಿಗೆಗೆ ಬಂದಾಗ ಹೆಂಡತಿ ಬೀಗದ ಮುಂದೆ ಕೀಲಿ ಹಿಡಿದು ನಿಂತಿದ್ದಳು. ಮುಖ ಅರಳಿತ್ತು.

"ಇವತ್ತೂ ಏರಿತಂತೆ. ತಮ್ಮ ಒಂದೇ ಸಮ ಬೈತಿದ್ದ. ನೀವೇನೂ ಹಾಕ್ಲೇ ಇಲ್ವಾ?"

"ಹಾಕ್ದೆ. ಈ ತಿಂಗಳ ಓಟಿಯಷ್ಟೇ."

"ಮತ್ತೆ ನನ್ನದು ಯಾಕೆ ಹಾಕ್ಲಿಲ್ಲ?"

"ಅದರಲ್ಲಿನ್ನೂ ಜನ ಹತ್ತಿಲ್ಲ ಕಣೆ. ಮೊದಲು ನಾನೊಬ್ಬ ಹೋಗಿ ಬರ್ತೀನಿ."

ಅವಳು ಅವನ ಕಪ್ಪು ಕೈಗಳನ್ನು ಒಮ್ಮೆ ನೋಡಿದಳು. ಕೀಲಿಗೆ ಚಾಚಿದ ಆ ಕೈಯನ್ನು ಸರಿಸಿ ಬೀಗವನ್ನು ತಾನೇ ತೆಗೆದಳು.

"ಅವತ್ತೂ ಹೀಗೇ ಹೇಳಿ ನನ್ನ ಹೊರಗೆ ನಿಲ್ಲಿಸಿದ್ರಿ. ಈಗ ನೀವು ನಿಂತಿರಿ. ಇದರೊಳಗೆ ಮೊದಲು ನಾನೊಬ್ಬಳೇ ಹೋಗ್ತೀನಿ."

ಲಿಫ್ಟಣ್ಣ ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲೇ ನಿಂತ.